ಕೆಲಸದ ಸ್ಥಳದಲ್ಲಿ ದಹನಶೀಲ ದ್ರವಗಳ ಸಂಗ್ರಹಣೆ

ದಹನಶೀಲ ದ್ರವಗಳ ಸುರಕ್ಷಿತ ಸಂಗ್ರಹಣೆ ಎಂದರೆ, ಸಾಮಾನ್ಯ ಉಷ್ಣತೆಯಲ್ಲಿ ಅಥವಾ ಅದಕ್ಕಿಂತ ತುಸು ಹೆಚ್ಚಿನ ಉಷ್ಣತೆಯಲ್ಲಿ ಹೊತ್ತಿಕೊಳ್ಳಬಲ್ಲ ಆವಿಯನ್ನು ಕೊಡುವ ದ್ರವಗಳನ್ನು ಕಾರ್ಖಾನೆ, ಗ್ಯಾರೇಜು, ಪ್ರಯೋಗಾಲಯ, ಮುದ್ರಣಾಲಯ, ಆಸ್ಪತ್ರೆ, ಗೋದಾಮು ಮೊದಲಾದ ಕಡೆಗಳಲ್ಲಿ ಆವಿ ಹೊರಬೀಳದಂತೆ, ಬಿದ್ದರೂ ಒಂದೆಡೆ ನಿಲ್ಲದಂತೆ, ನಿಂತರೂ ಕಿಡಿ ತಾಗದಂತೆ ಇರಿಸುವ ವ್ಯವಸ್ಥೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಥಿನ್ನರ್, ಟರ್ಪೆಂಟೈನ್, ಸ್ಪಿರಿಟ್, ಅಸಿಟೋನ್, ಟೊಲುಯಿನ್, ಹೆಕ್ಸೇನ್, ಈಥರ್ ಈ ಗುಂಪಿನ ಪರಿಚಿತ ದ್ರವಗಳು. ತೈಲ ಕಂಪನಿಯ ದೊಡ್ಡ ಟ್ಯಾಂಕಿಗೂ ಪೇಂಟ್ ಅಂಗಡಿಯ ಹಿಂಬದಿಯಲ್ಲಿಟ್ಟ ಐದು ಲೀಟರಿನ ಕ್ಯಾನಿಗೂ ಅನ್ವಯಿಸುವ ತತ್ತ್ವ ಒಂದೇ. ಏರ್ಪಾಟಿನ ಗಾತ್ರ ಮಾತ್ರ ಬೇರೆ.

ಆವಿಯ ಸ್ವಭಾವ

ಇಂಥ ದ್ರವಕ್ಕೆ ಬೆಂಕಿ ಬಿತ್ತು ಎಂದು ಹೇಳುವುದು ವಾಡಿಕೆ. ನಿಜವಾಗಿ ಉರಿಯುವುದು ದ್ರವದ ಮೇಲ್ಮೈಯಿಂದ ಎದ್ದು ಗಾಳಿಯೊಡನೆ ಬೆರೆತ ಆವಿ. ಕಿಡಿ ತಾಗಿದರೆ ಒಂದು ಕ್ಷಣ ಜ್ವಾಲೆ ಮಿಂಚುವಷ್ಟು ಆವಿಯನ್ನು ದ್ರವವು ಕೊಡತೊಡಗುವ ಅತಿ ಕಡಿಮೆ ಉಷ್ಣತೆಗೆ ಜ್ವಲನಬಿಂದು ಎಂದು ಹೆಸರು. ಕಾರ್ಖಾನೆಗಳಲ್ಲಿ ಇದನ್ನು ಫ್ಲ್ಯಾಶ್ ಪಾಯಿಂಟ್ ಎಂದೇ ಕರೆಯುತ್ತಾರೆ. ಪೆಟ್ರೋಲಿನ ಜ್ವಲನಬಿಂದು ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್, ಈಥರಿನದು ಮೈನಸ್ 45, ಅಸಿಟೋನಿನದು ಮೈನಸ್ 20ರ ಆಸುಪಾಸು, ಟೊಲುಯಿನಿನದು 4, ಶುದ್ಧ ಎಥನಾಲಿನದು 13. ಸೀಮೆಎಣ್ಣೆಗೂ ಡೀಸೆಲ್ಲಿಗೂ ಭಾರತೀಯ ಮಾನಕಗಳು ಕನಿಷ್ಠ 35 ಡಿಗ್ರಿಯನ್ನು ಗೊತ್ತುಪಡಿಸಿವೆ. ಆವಿಗೆ ಕಿಡಿಯೇ ಇಲ್ಲದೆ ಬರಿಯ ಕಾವಿನಿಂದ ಬೆಂಕಿ ಹತ್ತುವ ಉಷ್ಣತೆಯನ್ನು ಸ್ವಯಂದಹನ ತಾಪ ಎನ್ನುತ್ತಾರೆ. ಇದು ಜ್ವಲನಬಿಂದುವಿಗಿಂತ ಬಹಳ ಮೇಲಿರುತ್ತದೆ, ಆದರೂ ಕೆಲವು ದ್ರವಗಳಲ್ಲಿ ಸಾಕಷ್ಟು ಕಡಿಮೆಯೇ. ಕಾರ್ಬನ್ ಡೈಸಲ್ಫೈಡಿನ ಸ್ವಯಂದಹನ ತಾಪ 100 ಡಿಗ್ರಿಯ ಸುತ್ತಮುತ್ತಲಷ್ಟೇ. ಹಬೆ ಹರಿಯುವ ಬಿಸಿ ಕೊಳವೆ ಅದನ್ನು ಹೊತ್ತಿಸಬಲ್ಲದು.

ಗಾಳಿಯಲ್ಲಿ ಆವಿಯ ಪ್ರಮಾಣ ತೀರ ಕಡಿಮೆಯಾದರೂ ಬೆಂಕಿ ಹಿಡಿಯದು, ತೀರ ಹೆಚ್ಚಾದರೂ ಹಿಡಿಯದು. ಈ ಎರಡು ಅಂಚುಗಳನ್ನು ಕೆಳ ದಹನಮಿತಿ, ಮೇಲ್ ದಹನಮಿತಿ ಎನ್ನಲಾಗುತ್ತದೆ. ಪೆಟ್ರೋಲಿಗೆ ಇವು ಸುಮಾರು 1.4 ಮತ್ತು 7.6 ಪ್ರತಿಶತ, ಅಸಿಟೋನಿಗೆ 2.5 ಮತ್ತು 12.8, ಎಥನಾಲಿಗೆ 3.3 ಮತ್ತು 19, ಈಥರಿಗೆ 1.9 ಮತ್ತು 36. ಒಂದು ಲೀಟರ್ ಅಸಿಟೋನ್ ಪೂರ್ತಿ ಆರಿದರೆ ಸುಮಾರು 330 ಲೀಟರ್ ಆವಿಯಾಗುತ್ತದೆ. ಅಷ್ಟು ಆವಿ 13 ಘನ ಮೀಟರ್ ಗಾಳಿಯನ್ನು, ಅಂದರೆ ಹತ್ತಡಿ ಉದ್ದ, ಎಂಟಡಿ ಅಗಲ, ಆರಡಿ ಎತ್ತರದ ಜಾಗವನ್ನು, ಕೆಳ ದಹನಮಿತಿಗೆ ತಂದು ನಿಲ್ಲಿಸಲು ಸಾಕು.

ಈ ಮಿತಿಗಳಿಂದ ಹೊರಡುವ ಒಂದು ಫಲಿತಾಂಶ ಸಾಮಾನ್ಯ ನಂಬಿಕೆಗೆ ವಿರುದ್ಧವಾದುದು. ಮುಚ್ಚಿದ ಪಾತ್ರೆಯಲ್ಲಿ ದ್ರವದ ಮೇಲಿನ ಖಾಲಿ ಜಾಗ ಆವಿಯಿಂದ ತುಂಬಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಅಸಿಟೋನ್ ಡ್ರಮ್ಮಿನೊಳಗೆ ಈ ಪ್ರಮಾಣ ಸುಮಾರು 30 ಪ್ರತಿಶತಕ್ಕೆ ಏರುತ್ತದೆ, ಎಂದರೆ ಮೇಲ್ ಮಿತಿಯನ್ನು ದಾಟಿರುತ್ತದೆ. ಪೆಟ್ರೋಲ್ ಟ್ಯಾಂಕಿನೊಳಗೂ ಹೀಗೆಯೇ. ಅದೇ ಉಷ್ಣತೆಯಲ್ಲಿ ಟೊಲುಯಿನ್ ಡ್ರಮ್ಮಿನಲ್ಲಿ ಸುಮಾರು 4 ಪ್ರತಿಶತ, ಎಥನಾಲ್ ಡ್ರಮ್ಮಿನಲ್ಲಿ ಸುಮಾರು 8 ಪ್ರತಿಶತ. ಎರಡೂ ಹೊತ್ತಿಕೊಳ್ಳುವ ಅಂತರದೊಳಗೇ ಇವೆ. ಪಾತ್ರೆಯ ಒಳಗಿನ ಸ್ಫೋಟದ ದೃಷ್ಟಿಯಿಂದ ಪೆಟ್ರೋಲಿಗಿಂತ ಸ್ಪಿರಿಟ್ ಮತ್ತು ಟೊಲುಯಿನ್ ಹೆಚ್ಚು ಎಚ್ಚರ ಬೇಡುತ್ತವೆ. ಜ್ವಲನಬಿಂದು ಕೆಳಗಿದ್ದಷ್ಟೂ ಎಲ್ಲ ಬಗೆಯ ಅಪಾಯವೂ ಹೆಚ್ಚು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈ ಆವಿಗಳೆಲ್ಲ ಗಾಳಿಗಿಂತ ಭಾರ: ಅಸಿಟೋನಿನದು ಎರಡು ಪಟ್ಟು, ಪೆಟ್ರೋಲ್ ಮತ್ತು ಟೊಲುಯಿನಿನದು ಮೂರು ಪಟ್ಟು ಅಥವಾ ಹೆಚ್ಚು. ಅವು ಮೇಲೇರಿ ಚದುರುವ ಬದಲು ನೆಲ ಹಿಡಿದು ನೀರಿನಂತೆ ತಗ್ಗಿಗೆ ಹರಿಯುತ್ತವೆ. ಚರಂಡಿ, ಲಿಫ್ಟಿನ ಗುಂಡಿ, ನೆಲಮಾಳಿಗೆ, ವಾಹನ ರಿಪೇರಿಯ ಹೊಂಡಗಳಲ್ಲಿ ನಿಲ್ಲುತ್ತವೆ. ದೂರದಲ್ಲೆಲ್ಲೋ ಕಿಡಿ ಸಿಕ್ಕಿದರೆ ಜ್ವಾಲೆ ಅದೇ ದಾರಿಯಲ್ಲಿ ಮೂಲದ ಪಾತ್ರೆಯವರೆಗೆ ಹಿಂದಕ್ಕೆ ಓಡಿ ಬರುತ್ತದೆ.

ಇತಿಹಾಸ

ಈ ಸಮಸ್ಯೆ ಕಾನೂನಿನ ಗಮನಕ್ಕೆ ಬಂದದ್ದು ದೀಪದ ಎಣ್ಣೆಯ ಮೂಲಕ. 19ನೆಯ ಶತಮಾನದ ನಡುವಿನಲ್ಲಿ ಸೀಮೆಎಣ್ಣೆ ದೀಪಗಳು ಹರಡಿದಾಗ, ಸರಿಯಾಗಿ ಬೇರ್ಪಡಿಸದೆ ಪೆಟ್ರೋಲಿನಂಥ ಹಗುರ ಅಂಶ ಉಳಿದ ಎಣ್ಣೆಯಿಂದ ದೀಪಗಳು ಸಿಡಿಯುತ್ತಿದ್ದವು. ಬ್ರಿಟನ್ 1862ರಲ್ಲಿ ಪೆಟ್ರೋಲಿಯಮ್ ಸಂಗ್ರಹಕ್ಕೆ ಮೊದಲ ಕಾಯಿದೆ ಮಾಡಿತು. ಯಾವ ಎಣ್ಣೆ ಅಪಾಯಕರ ಎಂದು ಅಳೆಯುವ ವಿಧಾನವೇ ವಿವಾದಕ್ಕೊಳಗಾಯಿತು. ತೆರೆದ ಬಟ್ಟಲಿನಲ್ಲಿ ಕಾಯಿಸಿ ನೋಡಿದರೆ ಆವಿ ಗಾಳಿಗೆ ಹೋಗಿ ಫಲಿತಾಂಶ ಏರುಪೇರಾಗುತ್ತಿತ್ತು. ರಸಾಯನವಿಜ್ಞಾನಿ ಫ್ರೆಡರಿಕ್ ಏಬಲ್ ರೂಪಿಸಿದ ಮುಚ್ಚಿದ ಬಟ್ಟಲಿನ ಉಪಕರಣವನ್ನು 1879ರ ಕಾಯಿದೆ ಒಪ್ಪಿಕೊಂಡಿತು. ಹಳೆಯ ತೆರೆದ ಪರೀಕ್ಷೆಯ 100 ಡಿಗ್ರಿ ಫ್ಯಾರನ್‌ಹೀಟಿಗೆ ಹೊಸ ಪರೀಕ್ಷೆಯಲ್ಲಿ ಸಮನಾಗಿ ಬಂದದ್ದು 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 22.8 ಡಿಗ್ರಿ ಸೆಲ್ಸಿಯಸ್. ಇಂದು ಲೋಕದ ಬಹುತೇಕ ವರ್ಗೀಕರಣಗಳಲ್ಲಿ ಕಾಣುವ 23 ಡಿಗ್ರಿಯ ಗೆರೆ ಇದೇ. ಅದು ಪ್ರಕೃತಿ ಎಳೆದ ಗೆರೆಯಲ್ಲ; ತಣ್ಣನೆಯ ದೇಶವೊಂದರ ದೀಪದ ಎಣ್ಣೆಗಾಗಿ ಹಾಕಿಕೊಂಡ ಗೆರೆ.

ಭಾರತಕ್ಕೆ ಈ ಎಣ್ಣೆ ಹೊರದೇಶಗಳಿಂದ ಬಂದದ್ದಕ್ಕೆ ಸೀಮೆಎಣ್ಣೆ ಎಂಬ ಕನ್ನಡ ಹೆಸರೇ ಸಾಕ್ಷಿ. ಅದು ಬರುತ್ತಿದ್ದ ನಾಲ್ಕು ಗ್ಯಾಲನ್ನಿನ, ಅಂದರೆ ಸುಮಾರು 18 ಲೀಟರಿನ ತಗಡಿನ ಡಬ್ಬ ಮುಂದೆ ನೀರು ಹೊರುವ ಡಬ್ಬವಾಗಿ ಮನೆಮನೆ ಸೇರಿತು. ಬ್ರಿಟಿಷ್ ಸರ್ಕಾರ ಇಲ್ಲಿ 1886ರಲ್ಲೂ 1899ರಲ್ಲೂ ಪೆಟ್ರೋಲಿಯಮ್ ಕಾಯಿದೆಗಳನ್ನು ತಂದಿತು. ಬಿಸಿ ಹವೆಯಲ್ಲಿ ಏಬಲ್ ಪರೀಕ್ಷೆ ಬೇರೆಯೇ ಅಂಕಿ ಕೊಡುತ್ತದೆಂಬುದು ಆ ಕಾಲದಲ್ಲೇ ಗೊತ್ತಾಗಿತ್ತು. 1899ರ ಕಾಯಿದೆ 76 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಮಿಂಚುವ ಎಣ್ಣೆಯನ್ನು ಅಪಾಯಕರ ಪೆಟ್ರೋಲಿಯಮ್ ಎಂದು ಕರೆಯಿತು. ಇಂದಿಗೂ ಜಾರಿಯಲ್ಲಿರುವ 1934ರ ಪೆಟ್ರೋಲಿಯಮ್ ಕಾಯಿದೆ ಮೊದಲು ಇದನ್ನೇ ಮುಂದುವರಿಸಿತು. ಎ, ಬಿ, ಸಿ ಎಂಬ ವರ್ಗಗಳು ಬಂದದ್ದು 1970ರ ತಿದ್ದುಪಡಿಯಿಂದ.

ಸಂಗ್ರಹಣೆಯ ಉಪಕರಣಗಳ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿ ಕೆಲಸಗಾರರಿಗಾಗಿ ದೀಪವೊಂದನ್ನು ಮಾಡಿದ. ನವಿರಾದ ಲೋಹದ ಜಾಲರಿ ಜ್ವಾಲೆಯ ಶಾಖವನ್ನು ಹೀರಿ ಅದನ್ನು ದಾಟಗೊಡುವುದಿಲ್ಲ ಎಂಬುದು ಅದರ ತತ್ತ್ವ. ಈಗಿನ ಸುರಕ್ಷಾ ಕ್ಯಾನಿನ ಬಾಯಲ್ಲಿರುವ ಜಾಲರಿಯೂ ಟ್ಯಾಂಕಿನ ಉಸಿರುಕೊಳವೆಯ ಜ್ವಾಲಾತಡೆಯೂ ಅದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ.

ವರ್ಗೀಕರಣ

ಭಾರತದ ಪೆಟ್ರೋಲಿಯಮ್ ಕಾಯಿದೆಯ ಪ್ರಕಾರ ಜ್ವಲನಬಿಂದು 23 ಡಿಗ್ರಿಗಿಂತ ಕೆಳಗಿರುವ ದ್ರವಗಳು ಎ ವರ್ಗ, 23ರಿಂದ 65ಕ್ಕಿಂತ ಕೆಳಗಿನವರೆಗೆ ಬಿ ವರ್ಗ, 65ರಿಂದ 93ಕ್ಕಿಂತ ಕೆಳಗಿನವರೆಗೆ ಸಿ ವರ್ಗ. ಪೆಟ್ರೋಲ್, ಹೆಕ್ಸೇನ್, ಟೊಲುಯಿನ್ ಮೊದಲನೆಯದಕ್ಕೆ ಸೇರಿದರೆ, ಸೀಮೆಎಣ್ಣೆ ಮತ್ತು ಡೀಸೆಲ್ ಎರಡನೆಯದಕ್ಕೆ ಸೇರುತ್ತವೆ. ಕಾಯಿದೆಯ ಅರ್ಥದಲ್ಲಿ ಪೆಟ್ರೋಲಿಯಮ್ ಎಂದರೆ ಹೈಡ್ರೊಕಾರ್ಬನ್ ದ್ರವ ಅಥವಾ ಅದು ಸೇರಿರುವ ಉರಿಯುವ ಮಿಶ್ರಣ. ಆದ್ದರಿಂದ ಶುದ್ಧ ಎಥನಾಲ್ ಈ ವರ್ಗಗಳಲ್ಲಿ ಬರುವುದಿಲ್ಲ; ಅದರ ಮೇಲೆ ಅಬಕಾರಿ ಇಲಾಖೆಯ ನಿಯಂತ್ರಣವಿದೆ. ಅಬಕಾರಿಯ ಲೆಕ್ಕ ತೆರಿಗೆಗೆ ಸಂಬಂಧಿಸಿದ್ದು, ಬೆಂಕಿಗೆ ಸಂಬಂಧಿಸಿದ್ದಲ್ಲ. ಹಾಗಾಗಿ ಎಥನಾಲ್ ದಾಸ್ತಾನಿನ ಬೆಂಕಿ ಸುರಕ್ಷತೆಯನ್ನು ಕಾರ್ಖಾನೆ ಕಾನೂನು ಮತ್ತು ಅಗ್ನಿಶಾಮಕ ನಿಯಮಗಳ ಕಡೆಯಿಂದ ನೋಡಬೇಕಾಗುತ್ತದೆ.

ರಾಸಾಯನಿಕಗಳ ಲೇಬಲ್ಲಿಗಾಗಿ ವಿಶ್ವಸಂಸ್ಥೆ ರೂಪಿಸಿದ ಜಿಎಚ್‌ಎಸ್ ಪದ್ಧತಿಯಲ್ಲಿ ನಾಲ್ಕು ದರ್ಜೆಗಳಿವೆ. ಮೊದಲೆರಡೂ 23 ಡಿಗ್ರಿಗಿಂತ ಕೆಳಗಿನವು. ಕುದಿಬಿಂದು 35 ಡಿಗ್ರಿಯನ್ನು ಮೀರದಿದ್ದರೆ ಒಂದನೆಯ ದರ್ಜೆ, ಮೀರಿದರೆ ಎರಡನೆಯದು. ಮೂರನೆಯದು 60 ಡಿಗ್ರಿಯವರೆಗೆ, ನಾಲ್ಕನೆಯದು 93ರವರೆಗೆ. ಡ್ರಮ್ಮಿನ ಮೇಲೆ ಕಾಣುವ ಕೆಂಪು ಚೌಕಟ್ಟಿನ ಜ್ವಾಲೆಯ ಚಿತ್ರ ಮೊದಲ ಮೂರು ದರ್ಜೆಗಳಿಗೆ ಮಾತ್ರ. ನಾಲ್ಕನೆಯದಕ್ಕೆ ಬರಹದ ಎಚ್ಚರಿಕೆಯಷ್ಟೇ ಇರುತ್ತದೆ. ಅಮೆರಿಕದ ಎನ್‌ಎಫ್‌ಪಿಎ 30 ಸಂಹಿತೆಯಲ್ಲಿ ಇದಕ್ಕೆ ಹತ್ತಿರದ, ಆದರೆ ತುಸು ಬೇರೆಯಾದ ವಿಂಗಡಣೆಯಿದೆ. ಆಮದಾದ ಕಪಾಟು ಅಥವಾ ಕ್ಯಾನಿನ ಮೇಲೆ ಬರೆದ ದರ್ಜೆಯನ್ನು ಭಾರತದ ವರ್ಗದೊಡನೆ ಬೆರೆಸಿ ಓದುವುದು ಸಾಮಾನ್ಯ ತಪ್ಪು.

ಬಿ ವರ್ಗ ಸೌಮ್ಯ ಎಂಬ ಭಾವನೆಯನ್ನು ಸ್ಥಳದ ಹವೆಯೊಡನೆ ಹೋಲಿಸಿ ನೋಡಬೇಕಾಗುತ್ತದೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ನೆರಳಿನ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ. ಶೀಟು ಹೊದಿಸಿದ ಶೆಡ್ಡಿನೊಳಗೆ, ಬಿಸಿಲಿಗೆ ನಿಂತ ಡ್ರಮ್ಮಿನಲ್ಲಿ ಇನ್ನೂ ಹೆಚ್ಚು. ಜ್ವಲನಬಿಂದು 35ರಿಂದ 40 ಡಿಗ್ರಿಯ ನಡುವೆ ಇರುವ ಟರ್ಪೆಂಟೈನ್ ಅಥವಾ ಸೀಮೆಎಣ್ಣೆ ಅಲ್ಲಿ ತನ್ನ ಜ್ವಲನಬಿಂದುವಿಗಿಂತ ಬಿಸಿಯಾಗಿರುತ್ತದೆ. ಆ ಹೊತ್ತಿಗೆ ಅದರ ನಡವಳಿಕೆ ಎ ವರ್ಗದ್ದೇ. ದ್ರವವನ್ನು ಜ್ವಲನಬಿಂದುವಿಗೆ ಹತ್ತಿರ ಅಥವಾ ಅದರಾಚೆಗೆ ಕಾಯಿಸುವ ಕಡೆ ಅದನ್ನು ಮೇಲಿನ ಅಪಾಯದ ವರ್ಗಕ್ಕೆ ಸೇರಿದಂತೆ ಕಾಣುವುದು ತಾಂತ್ರಿಕ ಸಂಹಿತೆಗಳ ರೂಢಿ. ಬಯಲುಸೀಮೆಯಲ್ಲಿ ಬಿಸಿಲೇ ಕಾಯಿಸುವ ಕೆಲಸ ಮಾಡುತ್ತದೆ.

ಪಾತ್ರೆಗಳು

ಸಣ್ಣ ಪ್ರಮಾಣಕ್ಕೆ ಒಪ್ಪಿತ ಪಾತ್ರೆ ಸುರಕ್ಷಾ ಕ್ಯಾನು. ಅದು 5 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 19 ಲೀಟರನ್ನು ಮೀರದ ಲೋಹದ ಪಾತ್ರೆ. ಕೈ ಬಿಟ್ಟೊಡನೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಮುಚ್ಚಳ, ಬಾಯಲ್ಲಿ ಜ್ವಾಲೆ ತಡೆಯುವ ಜಾಲರಿ, ಒಳಗಿನ ಒತ್ತಡ ಏರಿದರೆ ಆವಿಯನ್ನು ಬಿಟ್ಟುಕೊಡುವ ಏರ್ಪಾಟು ಅದರ ಮೂರು ಗುಣಗಳು. ಸುಲಭವಾಗಿ ತುಂಬಲೆಂದು ಜಾಲರಿಯನ್ನು ಕಿತ್ತು ಹಾಕಿದರೆ ಉಳಿಯುವುದು ಸಾದಾ ಡಬ್ಬ. ಕುಡಿಯುವ ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿಗಳಲ್ಲಿ ಥಿನ್ನರ್ ಅಥವಾ ಪೆಟ್ರೋಲ್ ಇಡುವುದು ಎರಡು ಕಾರಣಗಳಿಂದ ಅಪಾಯಕರ: ದ್ರಾವಕ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆದುಗೊಳಿಸುತ್ತದೆ, ನೀರೆಂದು ಯಾರಾದರೂ ಕುಡಿಯಬಹುದು.

ಮಧ್ಯಮ ಪ್ರಮಾಣಕ್ಕೆ 200 ಲೀಟರಿನ ಉಕ್ಕಿನ ಡ್ರಮ್ಮು ಬಳಕೆಯಲ್ಲಿದೆ. ಡ್ರಮ್ಮನ್ನು ಅಂಚಿನವರೆಗೆ ತುಂಬುವಂತಿಲ್ಲ. ಪೆಟ್ರೋಲಿನಂಥ ದ್ರವ ಒಂದು ಡಿಗ್ರಿ ಕಾವಿಗೆ ಸುಮಾರು ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದ ಡ್ರಮ್ಮು ಮಧ್ಯಾಹ್ನ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 4 ಲೀಟರಿಗೆ ಜಾಗ ಬೇಕಾಗುತ್ತದೆ.

ತುಂಬಿದ ಡ್ರಮ್ಮಿಗಿಂತ ಬರಿದಾದ ಡ್ರಮ್ಮು ಹೆಚ್ಚು ಜೀವ ತೆಗೆಯುವುದು ವೆಲ್ಡಿಂಗ್ ಅಂಗಡಿಗಳಲ್ಲಿ. 200 ಲೀಟರ್ ಪಾತ್ರೆಯ ಗಾಳಿಯನ್ನು ಕೆಳ ದಹನಮಿತಿಗೆ ಏರಿಸಲು 15 ಮಿಲಿಲೀಟರ್ ಅಸಿಟೋನ್ ಅಥವಾ 10 ಮಿಲಿಲೀಟರ್ ಟೊಲುಯಿನ್ ಸಾಕು. ಇದು ಎರಡು ಮೂರು ಚಹಾ ಚಮಚದಷ್ಟು ದ್ರವ. ಬಗ್ಗಿಸಿ ಸುರಿದ ಡ್ರಮ್ಮಿನ ಮೂಲೆಯಲ್ಲಿ ಇಷ್ಟು ಉಳಿಯದೆ ಇರದು. ಅದನ್ನು ಒಲೆಗೋ ಕಸದ ತೊಟ್ಟಿಗೋ ಎಂದು ಗ್ಯಾಸ್ ಕಟ್ಟರಿನಿಂದ ಕತ್ತರಿಸಲು ಹೊರಟರೆ ಡ್ರಮ್ಮಿನ ತಳ ಹಾರಿ ಬರುತ್ತದೆ. ಖಾಲಿ ಡ್ರಮ್ಮುಗಳನ್ನು ಬಿರಡೆ ಬಿಗಿದು, ತುಂಬಿದವುಗಳಷ್ಟೇ ಎಚ್ಚರದಿಂದ ಬೇರೆಡೆ ಇಡಬೇಕು. ಬಿಸಿ ಕೆಲಸಕ್ಕೆ ಮೊದಲು ಹಬೆಯಿಂದ ತೊಳೆದು ಆವಿ ಇಲ್ಲವೆಂದು ಮಾಪಕದಿಂದ ಅಳೆದಿರಬೇಕು, ಇಲ್ಲವೆ ನೀರು ತುಂಬಿಸಿ ಒಳಗಿನ ಖಾಲಿ ಜಾಗವನ್ನೇ ಇಲ್ಲವಾಗಿಸಬೇಕು.

ಕಪಾಟು ಮತ್ತು ಸಂಗ್ರಹ ಕೋಣೆ

ಹಳದಿ ಬಣ್ಣದ ಉಕ್ಕಿನ ಕಪಾಟು ಕೆಲಸದ ಕೋಣೆಯೊಳಗೇ ದಿನಬಳಕೆಯ ದ್ರವ ಇಡುವ ಸಾಧನ. ಅಮೆರಿಕದ ನಿಯಮದ ಪ್ರಕಾರ ಅದಕ್ಕೆ ಎರಡು ಪದರದ ಗೋಡೆ, ನಡುವೆ ಒಂದೂವರೆ ಅಂಗುಲ ಗಾಳಿ, ಮೂರು ಕಡೆ ಕಚ್ಚಿಕೊಳ್ಳುವ ಬಾಗಿಲ ಚಿಲಕ, ಚೆಲ್ಲಿದ ದ್ರವ ಹೊರಗೆ ಹರಿಯದಂತೆ ಎರಡು ಅಂಗುಲ ಎತ್ತರದ ಹೊಸ್ತಿಲು ಇರಬೇಕು. ಹತ್ತು ನಿಮಿಷಗಳ ಬೆಂಕಿ ಪರೀಕ್ಷೆಯಲ್ಲಿ ಒಳಗಿನ ಉಷ್ಣತೆ 163 ಡಿಗ್ರಿಯನ್ನು ದಾಟಬಾರದು. ಈ ಹತ್ತು ನಿಮಿಷ ಬೆಂಕಿಯನ್ನು ಗೆಲ್ಲಲು ಕೊಟ್ಟದ್ದಲ್ಲ, ಜನ ಹೊರಗೆ ಓಡಲು ಕೊಟ್ಟದ್ದು. ಯುರೋಪಿನ ಇಎನ್ 14470-1 ಮಾನಕ ಇದೇ ಕೆಲಸಕ್ಕೆ 15, 30, 60, 90 ನಿಮಿಷಗಳ ದರ್ಜೆಗಳನ್ನು ಇಟ್ಟಿದೆ. ಒಂದು ಕಪಾಟಿನಲ್ಲಿ ಇಡಬಹುದಾದ ಗರಿಷ್ಠ ಪ್ರಮಾಣ ಅಮೆರಿಕದಲ್ಲಿ ಜಿಎಚ್‌ಎಸ್ ಪದ್ಧತಿಯ ಮೊದಲ ಮೂರು ದರ್ಜೆಗಳ ದ್ರವಗಳಿಗೆ 60 ಗ್ಯಾಲನ್, ಅಂದರೆ 227 ಲೀಟರ್. ಬ್ರಿಟನ್ನಿನ ಮಾರ್ಗದರ್ಶಿಯು ಕೆಲಸದ ಕೋಣೆಯೊಳಗೆ ಹೆಚ್ಚು ಅಪಾಯದ ದ್ರವಗಳಿಗೆ 50 ಲೀಟರನ್ನು ಮಿತಿಯಾಗಿ ಸೂಚಿಸುತ್ತದೆ. ಕಪಾಟಿನ ಮೇಲ್ಭಾಗವನ್ನು ರಟ್ಟಿನ ಪೆಟ್ಟಿಗೆ, ಕಾಗದಗಳನ್ನು ಪೇರಿಸಲು ಬಳಸುವುದು ಹಲವೆಡೆ ಕಾಣುತ್ತದೆ. ಅದು ಕಪಾಟಿಗೆ ಹೊರಗಿನಿಂದ ಸೌದೆ ಒಟ್ಟಿದಂತೆ.

ಇದಕ್ಕಿಂತ ಹೆಚ್ಚಿನ ದಾಸ್ತಾನಿಗೆ ಪ್ರತ್ಯೇಕ ಕೋಣೆ ಅಥವಾ ಹೊರಾಂಗಣದ ಶೆಡ್ಡು ಬೇಕು. ಗೋಡೆಗಳು ಬೆಂಕಿ ತಡೆಯುವಂಥವಾಗಿರಬೇಕು, ನೆಲ ದ್ರವ ಹೀರದಂತಿರಬೇಕು, ಬಾಗಿಲ ಬಳಿ ಸುಮಾರು 10 ಸೆಂಟಿಮೀಟರ್ ಎತ್ತರದ ಹೊಸ್ತಿಲಿರಬೇಕು. ಗಾಳಿಯಾಡುವ ಕಿಂಡಿಗಳ ಸ್ಥಾನವೇ ಇಲ್ಲಿ ಮುಖ್ಯ. ಮನೆ ಕಟ್ಟುವವರ ಅಭ್ಯಾಸದಂತೆ ಕಿಂಡಿಯನ್ನು ಸೂರಿನ ಕೆಳಗೆ ಮಾತ್ರ ಬಿಟ್ಟರೆ ನೆಲದ ಮೇಲಿನ ಭಾರವಾದ ಆವಿ ಕದಲುವುದಿಲ್ಲ. ಗಾಳಿ ಹೊರಹೋಗುವ ದ್ವಾರ ನೆಲದಿಂದ ಒಂದಡಿಯೊಳಗೆ ಇರಬೇಕು, ಒಳಬರುವ ದ್ವಾರ ಎದುರು ಗೋಡೆಯಲ್ಲಿರಬೇಕು. ಯಂತ್ರದ ಗಾಳಿ ಬಳಸುವ ಕಡೆ ಗಂಟೆಗೆ ಆರು ಬಾರಿ ಕೋಣೆಯ ಗಾಳಿ ಬದಲಾಗಬೇಕೆಂಬ ಅಮೆರಿಕದ ಅಳತೆಯನ್ನು ಬೇರೆಡೆಯೂ ಅನುಸರಿಸುತ್ತಾರೆ. ದೀಪದ ಸ್ವಿಚ್ಚು ಕೋಣೆಯ ಹೊರಗಿರಬೇಕು. ನೆಲಮಾಳಿಗೆ, ಮೆಟ್ಟಿಲ ಕೆಳಗಿನ ಜಾಗ, ಹೊರಹೋಗುವ ದಾರಿ ಯಾವ ಕಾಲಕ್ಕೂ ಸಂಗ್ರಹಕ್ಕೆ ಸಲ್ಲವು.

ಪ್ರಯೋಗಾಲಯಗಳಲ್ಲಿ ಈಥರಿನಂಥ ದ್ರವವನ್ನು ಮನೆಬಳಕೆಯ ಫ್ರಿಜ್ಜಿನಲ್ಲಿ ಇಡುವ ರೂಢಿ ಹಳೆಯದು. ಸೋರಿದ ಆವಿ ಆ ಸಣ್ಣ ಡಬ್ಬದೊಳಗೆ ನಿಲ್ಲುತ್ತದೆ, ಥರ್ಮೋಸ್ಟಾಟ್ ಅಥವಾ ಬಾಗಿಲ ದೀಪದ ಸ್ವಿಚ್ಚು ಕಿಡಿ ಕೊಡುತ್ತದೆ. ಒಳಭಾಗದಲ್ಲಿ ಕಿಡಿಯ ಮೂಲವೇ ಇಲ್ಲದ ವಿಶೇಷ ಫ್ರಿಜ್ಜುಗಳು ಇದಕ್ಕಾಗಿ ಇವೆ. ಈಥರ್ ಮತ್ತು ಟೆಟ್ರಾಹೈಡ್ರೊಫ್ಯೂರಾನ್ ಗಾಳಿ ಬೆಳಕಿಗೆ ತೆರೆದಿಟ್ಟರೆ ಕಾಲಕ್ರಮದಲ್ಲಿ ಸ್ಫೋಟಕ ಪೆರಾಕ್ಸೈಡುಗಳನ್ನು ಕಟ್ಟುತ್ತವೆ. ಆದ್ದರಿಂದ ಅವುಗಳ ಬಾಟಲಿಯ ಮೇಲೆ ತೆರೆದ ದಿನಾಂಕ ಬರೆಯುವುದು ಕಡ್ಡಾಯ.

ಜೊತೆಗಿಡಬಾರದ ವಸ್ತುಗಳು

ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್, ಪೊಟ್ಯಾಸಿಯಮ್ ಪರ್ಮಾಂಗನೇಟ್ ಮುಂತಾದ ಆಕ್ಸಿಡೀಕಾರಕಗಳು ದ್ರಾವಕಗಳ ಪಕ್ಕದಲ್ಲಿ ಇರಬಾರದು. ಎರಡೂ ಸೋರಿ ಬೆರೆತರೆ ಕಿಡಿಯ ಅಗತ್ಯವೂ ಇರದು. ಆಕ್ಸಿಜನ್ ಸಿಲಿಂಡರಿಗೂ ಇದೇ ಮಾತು. ಅಗಸೆ ಎಣ್ಣೆಯ ಸಂಗತಿ ಬೇರೆ. ಅದರ ಜ್ವಲನಬಿಂದು 200 ಡಿಗ್ರಿಗಿಂತ ಮೇಲಿದ್ದು ಯಾವ ವರ್ಗಕ್ಕೂ ಸೇರದು. ಆದರೆ ಮರದ ಪಾಲಿಶ್ ಮಾಡಿದ ಎಣ್ಣೆ ಬಟ್ಟೆಯನ್ನೋ ಕಾಟನ್ ವೇಸ್ಟನ್ನೋ ಗುಡ್ಡೆ ಹಾಕಿದರೆ, ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರುತ್ತ ಕಾವು ಹುಟ್ಟಿಸಿ, ಕೆಲವು ಗಂಟೆಗಳಲ್ಲಿ ತಾನೇ ಹೊತ್ತಿಕೊಳ್ಳುತ್ತದೆ. ಇಂಥ ಬಟ್ಟೆಗಳಿಗೆ ಮುಚ್ಚಳವಿರುವ ಲೋಹದ ಡಬ್ಬ ಇಟ್ಟು ದಿನದ ಕೊನೆಗೆ ಬರಿದು ಮಾಡಬೇಕು.

ಸುರಿಯುವಿಕೆ ಮತ್ತು ಸ್ಥಿರವಿದ್ಯುತ್ತು

ಸಂಗ್ರಹಣೆಗೆ ಸಂಬಂಧಿಸಿದ ಬೆಂಕಿಗಳಲ್ಲಿ ಬಹಳಷ್ಟು ಹುಟ್ಟುವುದು ದ್ರವ ಸುಮ್ಮನೆ ನಿಂತಿರುವಾಗಲ್ಲ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ. ದ್ರವ ಕೊಳವೆಯಲ್ಲಿ ಹರಿಯುವಾಗಲೂ ಎತ್ತರದಿಂದ ಬೀಳುವಾಗಲೂ ವಿದ್ಯುದಾವೇಶ ಹುಟ್ಟುತ್ತದೆ. ಎಥನಾಲ್, ಅಸಿಟೋನ್ ತಕ್ಕಮಟ್ಟಿಗೆ ವಿದ್ಯುದ್ವಾಹಕಗಳಾದ್ದರಿಂದ, ಪಾತ್ರೆ ನೆಲಕ್ಕೆ ಜೋಡಣೆಯಾಗಿದ್ದರೆ ಆವೇಶ ಬೇಗ ಇಳಿದುಹೋಗುತ್ತದೆ. ಪೆಟ್ರೋಲ್, ಟೊಲುಯಿನ್, ಹೆಕ್ಸೇನ್ ಹಾಗಲ್ಲ. ಅವು ಆವೇಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೈಡ್ರೊಕಾರ್ಬನ್ ಆವಿ ಹೊತ್ತಿಕೊಳ್ಳಲು ಬೇಕಾದ ಶಕ್ತಿ ಸುಮಾರು 0.25 ಮಿಲಿಜೂಲ್. ಒಣ ಹವೆಯಲ್ಲಿ ಮನುಷ್ಯನ ಬೆರಳಿನಿಂದ ಬಾಗಿಲ ಹಿಡಿಗೆ ಹಾರುವ ಕಿಡಿಯಲ್ಲಿ ಅದರ ಹಲವು ಪಟ್ಟು ಶಕ್ತಿಯಿರುತ್ತದೆ.

ಪರಿಹಾರದ ಕೆಲಸಗಳು ಸರಳ. ಸುರಿಯುವ ಪಾತ್ರೆಯನ್ನೂ ತುಂಬುವ ಪಾತ್ರೆಯನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸುವುದು ಬಾಂಡಿಂಗ್. ಅವುಗಳಲ್ಲೊಂದನ್ನು ನೆಲಕ್ಕೆ ಜೋಡಿಸುವುದು ಅರ್ಥಿಂಗ್. ಎರಡೂ ಬೇಕು. ತಂತಿಯ ಕ್ಲಿಪ್ಪು ಪೇಂಟನ್ನು ಚುಚ್ಚಿ ಬರಿಯ ಲೋಹವನ್ನು ಮುಟ್ಟಿರಬೇಕು. ತುಂಬುವ ಕೊಳವೆ ಪಾತ್ರೆಯ ತಳದವರೆಗೆ ಇಳಿದಿರಬೇಕು. ಕೊಳವೆಯ ಬಾಯಿ ದ್ರವದಲ್ಲಿ ಮುಳುಗುವವರೆಗೆ ಹರಿವು ಸೆಕೆಂಡಿಗೆ ಒಂದು ಮೀಟರನ್ನು ಮೀರಬಾರದು. ಪ್ಲಾಸ್ಟಿಕ್ ಬಕೆಟ್ಟನ್ನು ನೆಲಕ್ಕೆ ಜೋಡಿಸುವುದು ಸಾಧ್ಯವೇ ಇಲ್ಲ. ಆದ್ದರಿಂದ ಟೊಲುಯಿನಿನಂಥ ದ್ರವವನ್ನು ಅದಕ್ಕೆ ಸುರಿಯಬಾರದು. ಸ್ಥಿರವಿದ್ಯುತ್ ನಿಯಂತ್ರಣಕ್ಕೆ ಭಾರತೀಯ ಮಾನಕ ಐಎಸ್ 7689 ಇದೆ. ಡ್ರಮ್ಮಿಗೆ ಪೈಪು ಇಳಿಸಿ ಬಾಯಿಂದ ಹೀರಿ ತೆಗೆಯುವ ಪದ್ಧತಿ ಬೆಂಕಿಯ ಜೊತೆಗೆ ಶ್ವಾಸಕೋಶಕ್ಕೂ ಅಪಾಯ ತರುತ್ತದೆ. ಕೈಪಂಪು ಅದಕ್ಕೆ ಬದಲಿ.

ಆವಿ ಇರಬಹುದಾದ ಜಾಗಗಳನ್ನು ವಿದ್ಯುತ್ ಕೆಲಸದ ದೃಷ್ಟಿಯಿಂದ ಮೂರು ವಲಯಗಳಾಗಿ ವಿಂಗಡಿಸಲಾಗಿದೆ. ಸದಾ ಆವಿ ಇರುವುದು ವಲಯ 0, ಸಾಮಾನ್ಯ ಕೆಲಸದಲ್ಲಿ ಆಗಾಗ ಬರುವುದು ವಲಯ 1, ಅಪರೂಪಕ್ಕೆ ಅಲ್ಪಕಾಲ ಬರುವುದು ವಲಯ 2. ಐಎಸ್ 5572 ಈ ವಿಂಗಡಣೆಯನ್ನೂ, ಐಎಸ್ 5571 ಅಲ್ಲಿಗೆ ತಕ್ಕ ಉಪಕರಣಗಳ ಆಯ್ಕೆಯನ್ನೂ ತಿಳಿಸುತ್ತದೆ. ಉಪಕರಣದ ಮೇಲ್ಮೈ ಎಷ್ಟು ಬಿಸಿಯಾಗಬಹುದೆಂಬುದನ್ನು ಟಿ1ರಿಂದ ಟಿ6ರವರೆಗಿನ ಗುರುತು ಹೇಳುತ್ತದೆ: ಟಿ1 ಎಂದರೆ 450 ಡಿಗ್ರಿ, ಟಿ6 ಎಂದರೆ 85. ಮೊಬೈಲ್ ಫೋನು, ಸಾದಾ ಟಾರ್ಚು ಈ ಲೆಕ್ಕದಲ್ಲಿ ಅಪ್ರಮಾಣಿತ ವಿದ್ಯುತ್ ಉಪಕರಣಗಳೇ.

ಟ್ಯಾಂಕುಗಳು

ದೊಡ್ಡ ದಾಸ್ತಾನು ನೆಲದ ಮೇಲಿನ ಅಥವಾ ನೆಲದೊಳಗಿನ ಉಕ್ಕಿನ ಟ್ಯಾಂಕಿನಲ್ಲಿರುತ್ತದೆ. ಪೆಟ್ರೋಲ್ ಬಂಕುಗಳ ಟ್ಯಾಂಕು ಮಣ್ಣಿನೊಳಗೆ ಇರುವುದರಿಂದ ಹೊರಗಿನ ಬೆಂಕಿ ಅದಕ್ಕೆ ತಾಗದು. ಅಲ್ಲಿನ ಚಿಂತೆ ತುಕ್ಕು ಮತ್ತು ಕಾಣದ ಸೋರಿಕೆ. ಮೇಲಿನ ಟ್ಯಾಂಕುಗಳಲ್ಲಿ ಡೀಸೆಲ್ಲಿಗೆ ಶಂಕುವಿನಾಕಾರದ ಸ್ಥಿರ ಛಾವಣಿ ಸಾಕಾಗುತ್ತದೆ. ಪೆಟ್ರೋಲಿಗೆ ದ್ರವದ ಮೇಲೆಯೇ ತೇಲುತ್ತ ಅದರೊಡನೆ ಏರಿಳಿಯುವ ತೇಲು ಛಾವಣಿ ಬಳಸುತ್ತಾರೆ. ದ್ರವಕ್ಕೂ ಛಾವಣಿಗೂ ನಡುವೆ ಆವಿ ತುಂಬುವ ಜಾಗವನ್ನೇ ಉಳಿಸದಿರುವುದು ಅದರ ಉದ್ದೇಶ.

ಟ್ಯಾಂಕುಗಳ ಸುತ್ತ ಹೊಲದ ಬದುವಿನಂತೆ ಗೋಡೆ ಕಟ್ಟುತ್ತಾರೆ. ಇದಕ್ಕೆ ಡೈಕ್ ಎಂದು ಹೆಸರು. ಅತಿ ದೊಡ್ಡ ಟ್ಯಾಂಕು ಪೂರ್ತಿ ಒಡೆದರೂ ಅದರ ದ್ರವವೆಲ್ಲ ಒಳಗೇ ಹಿಡಿಯುವಷ್ಟು ಜಾಗ ಅದರಲ್ಲಿರಬೇಕು. ಹಲವು ದೇಶಗಳಲ್ಲಿ 110 ಪ್ರತಿಶತವನ್ನು ಅಳತೆಯಾಗಿ ಇಟ್ಟುಕೊಳ್ಳುತ್ತಾರೆ. ಮಳೆನೀರು ಬಿಡಲು ಡೈಕಿನಲ್ಲಿ ಒಂದು ಕವಾಟವಿರುತ್ತದೆ. ನೀರು ಬಿಟ್ಟ ಮೇಲೆ ಅದನ್ನು ಮುಚ್ಚಲು ಮರೆತರೆ ಗೋಡೆ ಇದ್ದೂ ಇಲ್ಲದಂತೆ.

ನಗರಗಳ ಅಪಾರ್ಟ್‌ಮೆಂಟ್, ಆಸ್ಪತ್ರೆ, ಕಚೇರಿ ಕಟ್ಟಡಗಳ ಜನರೇಟರ್ ಪಕ್ಕದಲ್ಲಿ ಕಾಣುವ ಡೀಸೆಲ್ ಟ್ಯಾಂಕು ಬಹುಮಟ್ಟಿಗೆ 990 ಲೀಟರಿನದು. ಅದು ತಾಂತ್ರಿಕ ಲೆಕ್ಕದಿಂದ ಬಂದ ಗಾತ್ರವಲ್ಲ, ಕಾಯಿದೆಯಿಂದ ಬಂದದ್ದು. ಬಿ ವರ್ಗದ ದ್ರವ ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರನ್ನು ಮೀರದೆ, ಯಾವುದೇ ಒಂದು ಪಾತ್ರೆಯಲ್ಲಿ 1,000 ಲೀಟರನ್ನು ಮೀರದೆ ಇದ್ದರೆ ಪೆಟ್ರೋಲಿಯಮ್ ಲೈಸೆನ್ಸ್ ಬೇಕಿಲ್ಲ. ಲೈಸೆನ್ಸ್ ಬೇಕಿಲ್ಲವೆಂದ ಮಾತ್ರಕ್ಕೆ ಡೈಕು, ಗಾಳಿ, ಅರ್ಥಿಂಗ್ ಬೇಕಿಲ್ಲವೆಂದು ಅರ್ಥವಲ್ಲ. ಕಾಯಿದೆಯ ಮಿತಿಯನ್ನು ಸುರಕ್ಷತೆಯ ಮಿತಿ ಎಂದು ಓದುವುದು ಈ ಕ್ಷೇತ್ರದ ಸಾಮಾನ್ಯ ಗೊಂದಲ.

ಬೆಂಕಿ ನಂದಿಸುವ ಏರ್ಪಾಟು

ದ್ರವದ ಬೆಂಕಿಯನ್ನು ಬಿ ಬಗೆಯ ಬೆಂಕಿ ಎನ್ನುತ್ತಾರೆ. ಇದಕ್ಕೂ ಪೆಟ್ರೋಲಿಯಮ್ ಕಾಯಿದೆಯ ಬಿ ವರ್ಗಕ್ಕೂ ಸಂಬಂಧವಿಲ್ಲ. ನೀರಿನ ಧಾರೆ ಪೆಟ್ರೋಲಿನ ಕೆಳಗಿಳಿದು ಉರಿಯುವ ದ್ರವವನ್ನು ಹರಡುತ್ತದೆ. ನೀರನ್ನು ಪಕ್ಕದ ಡ್ರಮ್ಮು, ಟ್ಯಾಂಕುಗಳನ್ನು ತಣಿಸಲು ಬಳಸಬೇಕು. ಉರಿಯುವ ಮೇಲ್ಮೈಗೆ ನೊರೆ, ಒಣಪುಡಿ ಅಥವಾ ಕಾರ್ಬನ್ ಡೈಆಕ್ಸೈಡ್ ಬೇಕು. ಎಥನಾಲ್, ಅಸಿಟೋನ್ ನೀರಿನಲ್ಲಿ ಕರಗುವ ದ್ರವಗಳಾದ್ದರಿಂದ ಸಾದಾ ನೊರೆಯ ನೀರನ್ನು ಹೀರಿ ಅದನ್ನು ಒಡೆದುಹಾಕುತ್ತವೆ. ಅವಕ್ಕೆ ಆಲ್ಕೊಹಾಲ್ ತಾಳುವ ನೊರೆಯೇ ಆಗಬೇಕು. ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದು ಕಷ್ಟ. ಚೆಲ್ಲಿದ ದ್ರವಕ್ಕೆ ಒಣ ಮರಳು ಒಳ್ಳೆಯದು. ಮರದ ಹೊಟ್ಟು ದ್ರವವನ್ನು ಹೀರುತ್ತದೆ, ಜೊತೆಗೆ ತಾನೂ ಉರಿಯುತ್ತದೆ.

ಕಾನೂನು ಮತ್ತು ಆಡಳಿತ

ಭಾರತದಲ್ಲಿ 1934ರ ಕಾಯಿದೆ ಮತ್ತು 2002ರ ಪೆಟ್ರೋಲಿಯಮ್ ನಿಯಮಗಳನ್ನು ಜಾರಿಗೊಳಿಸುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಮ್ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಮಾರಾಟಕ್ಕಲ್ಲದ ಎ ವರ್ಗದ ದ್ರವ 30 ಲೀಟರಿನವರೆಗೆ, ಗೊತ್ತುಪಡಿಸಿದ ಪಾತ್ರೆಗಳಲ್ಲಿದ್ದರೆ, ಲೈಸೆನ್ಸ್ ಇಲ್ಲದೆ ಇಡಬಹುದು. ಸಿ ವರ್ಗಕ್ಕೆ ಈ ಮಿತಿ 45,000 ಲೀಟರ್. 18 ವರ್ಷದೊಳಗಿನವರನ್ನು ಮತ್ತು ಅಮಲೇರಿದವರನ್ನು ಲೈಸೆನ್ಸ್ ಪಡೆದ ಆವರಣದಲ್ಲಿ ಕೆಲಸಕ್ಕೆ ಹಚ್ಚುವಂತಿಲ್ಲ. ದೊಡ್ಡ ಪ್ರಮಾಣದ ಅಪಾಯಕಾರಿ ರಾಸಾಯನಿಕಗಳಿಗೆ ಭೋಪಾಲ್ ದುರಂತದ ನಂತರ ಬಂದ 1989ರ ನಿಯಮಗಳು ಅನ್ವಯಿಸುತ್ತವೆ. 1948ರ ಕಾರ್ಖಾನೆ ಕಾಯಿದೆಯ 37ನೆಯ ವಿಧಿ ಸ್ಫೋಟಕ ಆವಿಯನ್ನೂ 38ನೆಯದು ಬೆಂಕಿಯ ಮುನ್ನೆಚ್ಚರಿಕೆಯನ್ನೂ ಕುರಿತಾಗಿದ್ದವು. ಆ ಕಾಯಿದೆಯನ್ನು ಒಳಗೊಂಡ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕರ್ನಾಟಕದಲ್ಲಿ ಕಾರ್ಖಾನೆಗಳ ತಪಾಸಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಕೆಲಸ.

ಪ್ರಮುಖ ಅವಘಡಗಳು

2005ರ ಡಿಸೆಂಬರ್ 11ರ ಮುಂಜಾನೆ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲಾಗಾರದಲ್ಲಿ 912ನೆಯ ಸಂಖ್ಯೆಯ ಟ್ಯಾಂಕು ತುಂಬಿ ಹರಿಯಿತು. ಮಟ್ಟ ತೋರಿಸುವ ಮಾಪಕ ಸಿಕ್ಕಿಕೊಂಡಿತ್ತು, ಪ್ರತ್ಯೇಕವಾಗಿದ್ದ ತುರ್ತು ಸ್ವಿಚ್ಚೂ ಕೆಲಸ ಮಾಡಲಿಲ್ಲ. ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಪೆಟ್ರೋಲ್ ಚೆಲ್ಲಿ, ಆವಿಯ ಮೋಡ ನೆಲದ ಮೇಲೆ ಹಬ್ಬಿ ಸ್ಫೋಟಿಸಿತು. 43 ಮಂದಿ ಗಾಯಗೊಂಡರು. ಭಾನುವಾರದ ಬೆಳಗಿನ ಜಾವವಾದ್ದರಿಂದ ಸಾವು ಸಂಭವಿಸಲಿಲ್ಲ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರ ಕೈಗಾರಿಕಾ ಪ್ರದೇಶದ ತೈಲಾಗಾರದಲ್ಲಿ ಪೆಟ್ರೋಲನ್ನು ಕೊಳವೆಯ ಮೂಲಕ ಕಳುಹಿಸಲು ಸಿದ್ಧತೆ ನಡೆದಿದ್ದಾಗ ಕವಾಟವೊಂದರಿಂದ ದ್ರವ ಚಿಮ್ಮಿತು. ಒಂದು ಗಂಟೆಗೂ ಹೆಚ್ಚು ಕಾಲ ಸೋರಿದ ಮೇಲೆ ಆವಿ ಸ್ಫೋಟಿಸಿ 11 ಮಂದಿ ಸತ್ತರು. ಟ್ಯಾಂಕುಗಳು ಸುಮಾರು 11 ದಿನ ಉರಿದವು. ತನಿಖೆ ನಡೆಸಿದ ಎಂ. ಬಿ. ಲಾಲ್ ಸಮಿತಿಯ ಶಿಫಾರಸುಗಳಿಂದ ದೇಶದ ತೈಲಾಗಾರಗಳಲ್ಲಿ ದೂರದಿಂದ ಮುಚ್ಚಬಹುದಾದ ಕವಾಟಗಳೂ ಹೈಡ್ರೊಕಾರ್ಬನ್ ಪತ್ತೆ ಸಾಧನಗಳೂ ಹೆಚ್ಚಿದವು.

ಸಣ್ಣ ದಾಸ್ತಾನಿನ ಅಪಾಯಕ್ಕೆ ಬೆಂಗಳೂರಿನ ಉದಾಹರಣೆಯೊಂದಿದೆ. 2020ರ ನವೆಂಬರ್ 10ರಂದು ಮೈಸೂರು ರಸ್ತೆಗೆ ಹತ್ತಿರದ ಹೊಸಗುಡ್ಡದಹಳ್ಳಿಯಲ್ಲಿ, ಮನೆಗಳ ನಡುವೆ ಇದ್ದ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು ಸುತ್ತಲಿನ ನಿವಾಸಿಗಳನ್ನು ತೆರವುಗೊಳಿಸಬೇಕಾಯಿತು.

ಇಂದಿನ ಸ್ಥಿತಿ

ಕೊರೋನಾ ಕಾಲದ ಸ್ಯಾನಿಟೈಸರ್ ಸ್ಪಿರಿಟ್ಟನ್ನು ಕಚೇರಿ, ಶಾಲೆ, ಆಸ್ಪತ್ರೆಗಳ ಸ್ಟೋರ್ ರೂಮಿಗೆ ತಂದಿತು. 70 ಪ್ರತಿಶತ ಎಥನಾಲಿನ ಜ್ವಲನಬಿಂದು 17 ಡಿಗ್ರಿಯ ಆಸುಪಾಸು. ನೀರು ಬೆರೆತಿದೆಯೆಂದು ಅದು ನಿರಪಾಯಕರವಾಗುವುದಿಲ್ಲ. ಪೆಟ್ರೋಲಿಗೆ 20 ಪ್ರತಿಶತ ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿದ್ದರಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಂಥ ಕಬ್ಬಿನ ಸೀಮೆಯ ಡಿಸ್ಟಿಲರಿಗಳಲ್ಲಿ ಎಥನಾಲ್ ದಾಸ್ತಾನು ಮುಖ್ಯ ವಿಷಯವಾಗಿದೆ. ಅಲ್ಲಿನ ಟ್ಯಾಂಕುಗಳ ಒಳಗಿನ ಆವಿ, ಮೇಲೆ ಹೇಳಿದಂತೆ, ಸಾಮಾನ್ಯ ಉಷ್ಣತೆಯಲ್ಲೇ ಹೊತ್ತಿಕೊಳ್ಳುವ ಅಂತರದಲ್ಲಿರುತ್ತದೆ.

ಆವಿಯನ್ನು ಅಳೆಯುವ ಸ್ಥಿರ ಮತ್ತು ಕೈಮಾಪಕಗಳನ್ನು ಕೆಳ ದಹನಮಿತಿಯ ಐದನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಮಟ್ಟದಲ್ಲೇ ಎಚ್ಚರಿಕೆ ಕೂಗುವಂತೆ ಹೊಂದಿಸಿರುತ್ತಾರೆ. ದ್ರವವನ್ನೇ ಬದಲಿಸುವ ದಾರಿಯೂ ವ್ಯಾಪಕವಾಗುತ್ತಿದೆ: ನೀರು ಆಧಾರಿತ ಪೇಂಟು, ಬಿಡಿಭಾಗ ತೊಳೆಯಲು ಪೆಟ್ರೋಲ್ ಸೀಮೆಎಣ್ಣೆಗಳ ಬದಲು ಕ್ಷಾರೀಯ ದ್ರಾವಣ, ಮುದ್ರಣದಲ್ಲಿ ಅತಿನೇರಳೆ ಬೆಳಕಿಗೆ ಒಣಗುವ ಶಾಯಿ. ನಂದಿಸುವ ನೊರೆಗಳಲ್ಲಿದ್ದ ಫ್ಲೋರಿನ್ ಸಂಯುಕ್ತಗಳು ಮಣ್ಣು ನೀರುಗಳಲ್ಲಿ ಕೊಳೆಯದೆ ಉಳಿಯುವುದರಿಂದ ಹಲವು ದೇಶಗಳು ಅವನ್ನು ಕೈಬಿಡುತ್ತಿದ್ದು, ಫ್ಲೋರಿನ್ ಇಲ್ಲದ ನೊರೆಗಳಿಗೆ ತಕ್ಕಂತೆ ಹಳೆಯ ಪಂಪು, ನಳಿಕೆಗಳನ್ನು ಬದಲಿಸುವ ಕೆಲಸ ತೈಲಾಗಾರಗಳಲ್ಲಿ ನಡೆಯುತ್ತಿದೆ.